ನಿಂಬೆಹಣ್ಣು ಚುಚ್ಚಿದ ಚಾಕುಗಳು

ನನ್ನ ಕಿಸೆಯಲ್ಲಿ ಸದಾ ಒಂದು ಚಾಕು ಇರುತ್ತದೆ. ಹೆದರಬೇಡಿ, ಮಡಚಿದರೆ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ಮದುವೆಮನೆಯಲ್ಲಿ ಅಕ್ಕಿಚೀಲದ ಹೊಲಿಗೆ ಬಿಚ್ಚಲು, ಬಸ್ಸಿನಲ್ಲಿ ಪಕ್ಕದವರ ಮಗುವಿಗೆ ಪೇರಲಹಣ್ಣು ಹೋಳು ಮಾಡಿಕೊಡಲು, ಗದಗಿನ ನನ್ನ ಬುಕ್ ಬೈಂಡಿಂಗ್ ಅಂಗಡಿಯಲ್ಲಿ ದಾರ ಕತ್ತರಿಸಲು ಅದು ಬೇಕೇಬೇಕು. "ಈ ವಯಸ್ಸಿನಾಗ ಕಿಸೇದಾಗ ಚಾಕು ಇಟಗೊಂಡು ಅಡ್ಡಾಡ್ತೀರಿ, ನೋಡಿದವ್ರು ಏನಂದಾರು?" ಎಂದು ಹೆಂಡತಿ ಬೈಯುತ್ತಾಳೆ. ಹಾಗೆಂದವಳೇ ಮರುಗಳಿಗೆಗೆ ಹಾಲಿನ ಪ್ಯಾಕೆಟ್ ಹಿಡಿದು ಬಂದು "ಎಲ್ಲೈತಿ ನಿಮ್ಮ ಚಾಕು?" ಎನ್ನುತ್ತಾಳೆ.

ಇದು ಸಂತೆಯಲ್ಲಿ ಸಿಗುವ ಚಾಕು ಅಲ್ಲ. ಇಂಗ್ಲೆಂಡಿನ ಶೆಫೀಲ್ಡಿನದು. ಅಲಗಿನ ಬುಡದಲ್ಲಿ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಆ ಊರಿನ ಹೆಸರು ಒತ್ತಿದ್ದಾರೆ. ಹಿಡಿಕೆ ಎಮ್ಮೆಯ ಕೋಡಿನದು. ನಮ್ಮ ದೇಶದ ಎಮ್ಮೆಯ ಕೋಡೇ ಹಡಗು ಹತ್ತಿ ಹೋಗಿ, ಹಿಡಿಕೆಯಾಗಿ ತಿರುಗಿ ಬಂತೋ ಏನೋ! ನೆನೆದರೆ ಮೈ ಜುಮ್ಮೆನ್ನುತ್ತದೆ. ಅಲಗಿನ ಮೇಲೊಂದು ಸಣ್ಣ ಗೀರು ಇರುತ್ತದೆ, ಅದಕ್ಕೆ ಉಗುರು ಸಿಗಿಸಿ ಎಳೆದರೆ ಒಳಗಿನ ಸ್ಪ್ರಿಂಗ್ ಪಟ್ಟಿ ಮೊದಲು ಹಟ ಮಾಡಿ, ಆಮೇಲೆ ಸೋತು, ಕೊನೆಗೆ 'ಟಕ್' ಎನ್ನುತ್ತದೆ. ಆ ಟಕ್ ಕೇಳದೆ ನನಗೆ ಬೆಳಗಿನ ಚಹಾ ಇಳಿಯುವುದಿಲ್ಲ.

ಗದಗ-ಬೆಟಗೇರಿಗೂ ಶೆಫೀಲ್ಡಿಗೂ ಏನು ಸಂಬಂಧ ಎಂದು ಕೇಳುವವರಿಗೆ ನಾನು ಒಂದೇ ಮಾತು ಹೇಳುತ್ತೇನೆ: ಹತ್ತಿ. ಈ ಸೀಮೆಯ ಹತ್ತಿಗಾಗಿ ಬ್ರಿಟಿಷ್ ವ್ಯಾಪಾರಿಗಳು ಇಲ್ಲಿಯವರೆಗೆ ಬಂದರು. ಅಂಡಿಗೆಯ, ಅಂದರೆ ಹತ್ತಿ ಒತ್ತಿ ತುಂಬಿದ ದೊಡ್ಡ ಮೂಟೆಯ, ಹೊಲಿಗೆ ಕೊಯ್ದು, ಒಳಗಿನಿಂದ ಒಂದು ಹಿಡಿ ಎಳೆದು ತೆಗೆದು ನೋಡಲು ಅವರ ಕಿಸೆಯಲ್ಲೊಂದು ಚಾಕು ಇರುತ್ತಿತ್ತು. ಅವರು ಹೋದರು, ಚಾಕುಗಳು ಉಳಿದವು. ದಲಾಲರ ಕೈಗೆ, ಹಮಾಲರ ಕೈಗೆ, ಅಡುಗೆಮನೆಗೆ, ಕೊನೆಗೆ ಗುಜರಿ ಅಂಗಡಿಗೆ ಬಂದು ಬಿದ್ದವು. ನಮ್ಮಪ್ಪ ಹತ್ತಿ ಮಾರ್ಕೆಟ್ಟಿನಲ್ಲಿ ಅಂಡಿಗೆ ಪರೀಕ್ಷೆ ಮಾಡುತ್ತಿದ್ದವನು. ಕಿಸೆಯಿಂದ ಚಾಕು ತೆಗೆದನೆಂದರೆ ಹೊಲಿಗೆ ಸರ್ರನೆ ಬಿಚ್ಚುತ್ತಿತ್ತು. ಎರಡು ಹೆಬ್ಬೆರಳುಗಳ ನಡುವೆ ಹತ್ತಿ ಹಿಂಜಿ ಎಳೆಯ ಉದ್ದ ನೋಡುತ್ತಿದ್ದ. ಸಂಜೆ ಅದೇ ಚಾಕುವಿನಲ್ಲಿ ನಮಗೆ ಸೌತೆಕಾಯಿ ಕೊಯ್ದು ಉಪ್ಪು ಹಚ್ಚಿ ಕೊಡುತ್ತಿದ್ದ. ಅಪ್ಪ ಹೋದ ಮೇಲೆ ಚಾಕು ದೊಡ್ಡವನೆಂದು ಅಣ್ಣನ ಪಾಲಿಗೆ ಬಂತು. ಅಣ್ಣ ಲಕ್ಷ್ಮೇಶ್ವರದಲ್ಲಿ ಹೊಲ ಮನೆ ಮಾಡಿಕೊಂಡಿದ್ದಾನೆ.

ನನ್ನ ಪಾಲಿಗೆ ಬಂದದ್ದು ಹುಚ್ಚು. ಅಪ್ಪನದರಂಥದ್ದೇ ಒಂದು ಬೇಕೆಂದು ಹುಡುಕಲು ಹೊರಟೆ. ನನ್ನನ್ನು ನೋಡಿ ಅಣ್ಣನಿಗೂ ಹಿಡಿಯಿತು. ಭಾನುವಾರ ಬಂತೆಂದರೆ ಅವನ ಮೋಟರ್ ಸೈಕಲ್ಲಿನ ಹಿಂದೆ ನಾನು. ಹರ್ತಿಯಲ್ಲಿ ಯಾರದೋ ಅಟ್ಟ, ಶಿರಹಟ್ಟಿಯಲ್ಲಿ ಯಾರದೋ ಹಳೆಯ ಟ್ರಂಕು, ಎಲ್ಲೆಂದರಲ್ಲಿ ಕೈಹಾಕಿದೆವು. ತುಕ್ಕು ಹಿಡಿದು ಕಚ್ಚಿಕೊಂಡ ಚಾಕು ಸಿಕ್ಕರೆ ದೀಪಾವಳಿ. ಎಣ್ಣೆಯಲ್ಲಿ ನೆನೆಸಿಟ್ಟು, ಬಾಯಿ ಬಿಡಿಸಿ, ಸಾಣೆಕಲ್ಲಿನ ಮುಂದೆ ಕೂರುತ್ತಿದ್ದೆವು. ಅಲಗನ್ನು ಕಲ್ಲಿನ ಮೇಲೆ ಮಲಗಿಸಿ, ಬೆನ್ನು ಎರಡು ರೂಪಾಯಿ ನಾಣ್ಯದ ದಪ್ಪದಷ್ಟೇ ಎತ್ತಿ, ರೊಟ್ಟಿಹಿಟ್ಟು ನಾದಿದ ಹಾಗೆ ಒಂದೇ ಹದದಲ್ಲಿ ತಿಕ್ಕಬೇಕು. ಕೊನೆಗೆ ಹಳೆಯ ಬೆಲ್ಟಿಗೆ ಎಳೆದು, ಟೊಮೆಟೊದ ಮೇಲೆ ಸುಮ್ಮನೆ ಇಟ್ಟರೆ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಇಳಿಯಿತೆಂದರೆ ಇಬ್ಬರೂ ಕೂಗುತ್ತಿದ್ದೆವು. ಅಣ್ಣನ ಹೆಂಡತಿ, ನಮ್ಮ ವೈನಿ, ಅಡುಗೆಮನೆಯಿಂದ "ನಾಕಾಣೆ ಚಾಕೂಗೆ ಹತ್ತಾಣೆ ಒದರಾಟ" ಎನ್ನುತ್ತಿದ್ದಳು.

ಆಮೇಲೆ ಮುಂಡರಗಿಯ ಆ ಗುಜರಿ ಅಂಗಡಿ ಬಂತು. ಮುರುಕು ಫ್ಯಾನುಗಳ ಕೆಳಗೆ ಒಂದು ಬಾಗಿದ ಅಲಗಿನ ತೋಟದ ಚಾಕು ಬಿದ್ದಿತ್ತು. ನಾನು ಕೈ ಹಾಕಿದೆ, ಅಣ್ಣನೂ ಹಾಕಿದ. ನಾನು ಮೊದಲು ನೋಡಿದೆ ಎಂದೆ, ಅವನೂ ಅದನ್ನೇ ಅಂದ. ಅಂಗಡಿಯ ಸಾಹೇಬರನ್ನು ಕೇಳಿದರೆ, "ಇಬ್ರೂ ಒಮ್ಮೆಗೇ ಬಗ್ಗಿದ್ರಿ, ನನ್ನ ಯಾಕ ನಡುವ ಎಳೀತೀರಿ?" ಎಂದರು. ನಾನು ಬಿಡಲಿಲ್ಲ, ದುಡ್ಡು ಕೊಟ್ಟು ಕಿಸೆಗೆ ಹಾಕಿಕೊಂಡೆ. ಇವತ್ತಿಗೂ ಹೇಳುತ್ತೇನೆ, ನಾನೇ ಮೊದಲು ನೋಡಿದ್ದು. ಅಣ್ಣ ನನ್ನನ್ನು ಬಸ್ ಸ್ಟ್ಯಾಂಡಿನ ಹತ್ತಿರ ಇಳಿಸಿ, ಒಂದೂ ಮಾತಾಡದೆ ಗಾಡಿ ತಿರುಗಿಸಿದ.

ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎನ್ನುತ್ತಾರೆ. ನಾವು ಹೊಲ ಮನೆ ಹಂಚಿಕೊಂಡಾಗ ಒಂದು ಮಾತು ಬಂದಿರಲಿಲ್ಲ, ಒಂದು ಗುಜರಿ ಚಾಕುವಿಗೆ ದಾಯಾದಿಗಳಾದೆವು. ಬನ್ನಿ ಕೊಟ್ಟು ರಾಜಿಯಾಗುವ ಹಬ್ಬ ದಸರಾ. ಎರಡು ದಸರಾ ಹಾಗೇ ಹೋದವು. ಅವನು ಮೊದಲು ಬರಲಿ ಎಂದು ನಾನು, ಸಣ್ಣವನು ಬರಲಿ ಎಂದು ಅವನು. ಚಾಕು ಹುಡುಕುವುದನ್ನು ನಾನು ಬಿಡಲಿಲ್ಲ, ಆದರೆ ಟೊಮೆಟೊದೊಳಗೆ ಅಲಗು ಇಳಿದಾಗ ಒಬ್ಬನೇ ಕೂಗುವುದು ಹೇಗೆ? ಸಂಕಟವಾಗುತ್ತಿತ್ತು. ಹೇಳಿಕೊಳ್ಳಲು ಸೊಕ್ಕು ಬಿಡುತ್ತಿರಲಿಲ್ಲ.

ಹೋದ ವರ್ಷ ವಿಜಯದಶಮಿಯ ಬೆಳಿಗ್ಗೆ ವೈನಿಯ ಫೋನು ಬಂತು.

"ನೀವು ಜಲ್ದಿ ಬರ್ರಿ. ನಿಮ್ಮಣ್ಣ ನಿನ್ನಿಯಿಂದ ಒಂದು ತುತ್ತು ಉಂಡಿಲ್ಲ."

ಗಾಬರಿಯಾಗಿ ಏನಾಯಿತೆಂದೆ. ಆದದ್ದು ಇಷ್ಟು. ಗುಡಿಯಲ್ಲಿ ಖಡ್ಗದ ತುದಿಗೆ ನಿಂಬೆಹಣ್ಣು ಚುಚ್ಚಿದ್ದನ್ನು ಅಣ್ಣ ನೋಡಿದ್ದ. ಹಿಂದಿನ ದಿನ ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ತನ್ನ ಚಾಕುಗಳನ್ನೆಲ್ಲ ತೊಳೆದು, ಬಿಚ್ಚಿ, ಸಾಲಾಗಿ ಇಟ್ಟು, ಒದ್ದೆ ಕುಂಕುಮ ಹಚ್ಚಿ, ಹಿತ್ತಲ ಗಿಡದ ನಿಂಬೆಹಣ್ಣನ್ನು ಒಂದೊಂದರ ತುದಿಗೂ ಚುಚ್ಚಿ ಕೈಮುಗಿದಿದ್ದಾನೆ. ಈಗಿನ ಸ್ಟೇನ್‌ಲೆಸ್ ಸ್ಟೀಲಿನ ಚಾಕು ಆಗಿದ್ದರೆ ನಡೆಯುತ್ತಿತ್ತು. ಇವು ಹಳೆಯ ಉಕ್ಕು, ಹುಳಿ ತಾಗಿದರೆ ಕಪ್ಪಾಗುತ್ತವೆ. ಸಂಜೆಗೆ ಅಲಗುಗಳು ಕಪ್ಪೇರತೊಡಗಿವೆ. ತೆಗೆಯೋಣವೆಂದರೆ ಪೂಜೆಗೆ ಇಟ್ಟದ್ದನ್ನು ಮರುದಿನ ಆರತಿ ಬೆಳಗಿ ಕದಲಿಸುವವರೆಗೂ ಮುಟ್ಟುವ ಹಾಗಿಲ್ಲ. ಅವು ಕಪ್ಪಾಗುತ್ತಿರುವುದನ್ನು ನೋಡುತ್ತ ಅಣ್ಣ ಅವುಗಳ ಮುಂದೆಯೇ ಕೂತಿದ್ದಾನೆ.

ನನಗೆ ನಗು ಬಂತು. ಸುಳ್ಳೇಕೆ ಹೇಳಲಿ, ಹೊಟ್ಟೆ ತುಂಬ ನಗು ಬಂತು.

"ನಗಬ್ಯಾಡ್ರಿ. ಮಾವನೋರ ಚಾಕೂನೂ ಅದರಾಗ ಐತಿ," ಎಂದಳು ವೈನಿ.

ನಗು ಅಲ್ಲೇ ನಿಂತಿತು. ಅಪ್ಪನ ಚಾಕುವಿನ ಅಲಗು ಮೊದಲೇ ಸವೆದು ಎಲೆಯಂತಾಗಿದೆ. ಬುಡದ ಅಕ್ಷರಗಳು ಬೆಳಕಿಗೆ ಓರೆ ಹಿಡಿದರೆ ಮಾತ್ರ ಕಾಣುತ್ತವೆ. ಕಪ್ಪಿಗೆ ನಾನು ಹೆದರಲಿಲ್ಲ, ಅಣ್ಣನಿಗೆ ಹೆದರಿದೆ. ಕೊಳೆ ಕಂಡರೆ ಪಾಲಿಶ್ ಪೇಪರ್ ಹಿಡಿದು ಬೆಳ್ಳಿಯಾಗುವವರೆಗೂ ಉಜ್ಜುವ ಜಾತಿ ಅವನದು. ಹಾಗೆ ಉಜ್ಜಿದರೆ ಅಕ್ಷರವೂ ಹೋಗುತ್ತದೆ, ಅಲಗೂ ಹೋಗುತ್ತದೆ.

"ವೈನಿ, ನಾ ಬರೋತನಕ ಅವ್ನ ಕೈಗೆ ಪಾಲಿಶ್ ಪೇಪರ್ ಸಿಗಲಾರದಂಗ ನೋಡ್ಕೋರಿ!"

ನನ್ನ ಸಾಣೆಕಲ್ಲು ಕೂಡ ಪೂಜೆಯಲ್ಲಿತ್ತು. ಹೆಂಡತಿ ಗಡಿಬಿಡಿಯಲ್ಲಿ ಆರತಿ ಬೆಳಗಿ ಕದಲಿಸಿಕೊಟ್ಟಳು. ಕಲ್ಲು, ಎಣ್ಣೆ, ಬೆಲ್ಟು, ಹಳೆಯ ಬನಿಯನ್ನಿನ ಚೂರು, ಎಲ್ಲ ಚೀಲಕ್ಕೆ ತುಂಬಿ, ಚೆಂಡುಹೂವಿನ ಮಾಲೆ ಹಾಕಿದ್ದ ಸ್ಕೂಟರನ್ನು ಹಾಗೇ ಹೊರಡಿಸಿದೆ. ಶಿರಹಟ್ಟಿ ದಾಟುವಷ್ಟರಲ್ಲಿ ಮಾಲೆಯ ಅರ್ಧ ಹೂ ದಾರಿಗೆ ಬಿದ್ದಿತ್ತು. ರಸ್ತೆಯ ಒಂದು ಮಗ್ಗುಲು ಪೂರ್ತಿ ಗೋವಿನಜೋಳ ಒಣಹಾಕಿದ್ದರು. ದಾರಿಯ ಮಾಗಡಿ ಕೆರೆಗೆ ಚಳಿಗಾಲದ ವಲಸೆ ಹಕ್ಕಿಗಳು ಇನ್ನೂ ಬಂದಿರಲಿಲ್ಲ. ಬಂದಿದ್ದರೂ ನಾನು ನಿಲ್ಲುತ್ತಿರಲಿಲ್ಲ.

ಅಣ್ಣ ಪಡಸಾಲೆಯಲ್ಲಿ ಕೂತಿದ್ದ. ಆಗಷ್ಟೇ ಪೂಜೆ ಕದಲಿಸಿದ್ದರು. ನನ್ನನ್ನು ನೋಡಿ ಮುಖ ಅಡುಗೆಮನೆಯ ಬಾಗಿಲ ಕಡೆ ತಿರುಗಿಸಿ, "ಬಂದೋರಿಗೆ ಚಾ ಮಾಡಿ ಕೊಡು," ಎಂದು ಒಳಗೆ ಕೂಗಿದ. ಒಡಹುಟ್ಟಿದವನು ನಾನು, 'ಬಂದೋರು' ಆಗಿದ್ದೆ! ನನಗೂ ಸಿಟ್ಟು ಬಂತು. ಎದುರಿಗೆ ಕೂತು ಸಾಣೆಕಲ್ಲು ಬಿಚ್ಚಿದೆ.

ಚಾಕುಗಳನ್ನು ನೋಡಿದವನೇ ಸಿಟ್ಟು ಮರೆತೆ. ಅಲಗುಗಳು ನವಿಲಿನ ಕೊರಳಿನ ಬಣ್ಣ ತಿರುಗಿದ್ದವು. ಕುಂಕುಮ ಮೆತ್ತಿದ ಕಡೆ ಮಾತ್ರ ಕೆಂಪು ತುಕ್ಕು ಎದ್ದಿತ್ತು.

"ವೈನಿ, ಅವಂಗ ಹೇಳ್ರಿ, ಕರೀದಕ್ಕ ಏನೂ ಅಂಜೂದು ಬ್ಯಾಡ. ಅದು ತುಕ್ಕಲ್ಲ. ಇನ್ಮ್ಯಾಲ ತುಕ್ಕು ಹಿಡೀಲಾರದಂಗ ಕಾಯತೈತಿ. ಬೇಕಂತ ಹುಳಿ ಹಚ್ಚಿ ಕರಿ ಮಾಡೋರು ಅದಾರ."

"ಕೇಳು ಅವಂಗ," ಅಣ್ಣ ವೈನಿಗೆ ಹೇಳಿದ, "ಹಂಗಾರ ಕೆಂಪಗ ಆಗಿದ್ದು ಏನಂತ?"

"ಹೇಳ್ರಿ ಅವಂಗ, ಅದು ತುಕ್ಕು. ಎಣ್ಣಿ ಹಚ್ಚಿ ಅರಿವೀಲೆ ಒರಸಿದ್ರ ಹೋಗತೈತಿ."

ವೈನಿ ಚಹಾದ ಬಟ್ಟಲು ಹಿಡಿದು ನಡುವೆ ನಿಂತಿದ್ದಳು. "ನಾ ಏನ್ ಟಪಾಲ ಡಬ್ಬಿ ಅಲ್ಲ," ಎಂದು ಇಬ್ಬರ ಮುಂದೆಯೂ ಬಟ್ಟಲು ಕುಕ್ಕಿ ಒಳಗೆ ಹೋದಳು.

ಮಾತಿಲ್ಲದೆ ಕೆಲಸ ನಡೆಯಿತು. ಅವನು ಎಣ್ಣೆ ಹಚ್ಚಿ ತುಕ್ಕು ಒರೆಸಿ ನೆಲದ ಮೇಲಿಟ್ಟರೆ ನಾನು ಎತ್ತಿಕೊಂಡು ಮಸೆಯುತ್ತಿದ್ದೆ. ಏನೇನು ಚಾಕುಗಳಿದ್ದವು! ಎರಡು ವರ್ಷದಲ್ಲಿ ಅವನು ಹುಡುಕಿ ತಂದ, ನಾನು ಕಂಡೇ ಇರದ ಚಾಕುಗಳು. ಒಂದರ ಅಲಗು ಕುರಿಯ ಗೊರಸಿನಂತೆ ಮೊಂಡು ಮೂತಿಯದು. ಇನ್ನೊಂದರಲ್ಲಿ ಮೂರು ಅಲಗು, ಒಂದರ ಮೈಗೆ ಇನ್ನೊಂದು ತಾಗದಂತೆ ಒಳಗೆ ಮಡಚಿ ಮಲಗುತ್ತಿದ್ದವು. ಎಲ್ಲಿ ಸಿಕ್ಕಿತು, ಯಾರ ಮನೆಯಲ್ಲಿತ್ತು ಎಂದು ಕೇಳಲು ನಾಲಗೆ ತುರಿಸುತ್ತಿತ್ತು. ಅವನೂ ಓರೆಗಣ್ಣಿನಲ್ಲಿ ನನ್ನ ಮುಖವನ್ನೇ ನೋಡುತ್ತಿದ್ದ. ಗೊರಸಿನ ಚಾಕುವನ್ನು ನನ್ನ ಕಡೆ ತಳ್ಳುವಾಗ ಗೋಡೆಗೆ ಹೇಳಿದ ಹಾಗೆ, "ಶಿಗ್ಲಿಯಾಗ ಸಿಕ್ತು. ಮುದುಕಿ ಅದರಾಗ ಬದ್ನಿಕಾಯಿ ಹೆಚ್ಚತಿದ್ಲು," ಎಂದ. ನಾನು ಗೋಡೆಯನ್ನೇ ನೋಡಿ "ಹೂಂ" ಎಂದೆ. ಒಳಗೆ ಮಾತ್ರ ಕುಣಿಯುವಂತಾಗಿತ್ತು.

ಉಳಿದದ್ದು ಅಪ್ಪನ ಚಾಕು. ಅದನ್ನು ಅವನು ನನ್ನ ಕಡೆ ತಳ್ಳಲಿಲ್ಲ. ಎಣ್ಣೆ ಹಚ್ಚಿ ಒರೆಸಿದ, ಮತ್ತೆ ಒರೆಸಿದ. ಅಲಗಿನ ಬುಡದಲ್ಲಿ, ಸರಿಯಾಗಿ ಅಕ್ಷರಗಳಿದ್ದಲ್ಲಿ, ಕುಂಕುಮ ಕಚ್ಚಿಕೊಂಡು ಕೆಂಪು ಗಟ್ಟಿಯಾಗಿತ್ತು. ಅಣ್ಣನ ಮುಖ ಸಣ್ಣದಾಯಿತು. ಅತ್ತಿತ್ತ ನೋಡಿದ. ಆಮೇಲೆ ಕೂತ ಚಾಪೆಯ ಮೂಲೆ ಎತ್ತಿ, ಕೆಳಗಿನಿಂದ ಒಂದು ಒರಟು ಪಾಲಿಶ್ ಪೇಪರ್ ತೆಗೆದ! ವೈನಿಯ ಕಣ್ಣು ತಪ್ಪಿಸಿ ಇಟ್ಟುಕೊಂಡಿದ್ದನಂತೆ. ಅದನ್ನು ಮಡಚಿ ಹೆಬ್ಬೆರಳಿಗೆ ಸುತ್ತಿ ಅಲಗಿನ ಮೇಲೆ ಇಟ್ಟೇಬಿಟ್ಟ.

"ಅಣ್ಣಾ, ತಿಕ್ಕಬ್ಯಾಡೋ!"

ಓಣಿಗೆಲ್ಲ ಕೇಳುವಂತೆ ಒದರಿದ್ದೆ. ಅವನ ಕೈ ಅಲ್ಲೇ ನಿಂತಿತು. ವೈನಿ ಒಳಗಿನಿಂದ ಓಡಿಬಂದಳು.

ಅಣ್ಣ ನನ್ನನ್ನು ನೋಡಲಿಲ್ಲ. "ಏನಂದಾ ಅವಾ?" ಎಂದು ಹೆಂಡತಿಯನ್ನು ಕೇಳಿದ.

"ನನಗ್ಯಾಕ ಕೇಳ್ತೀರಿ? ನಿಮಗ ಅಂದಾನ. ನಿಮ್ಮ ಕಿವಿ ಚಲೋ ಅದಾವಲ್ಲ?"

ಬಾಯಿಬಿಟ್ಟದ್ದಾಗಿತ್ತು, ಇನ್ನು ಮುಚ್ಚಿ ಏನು ಪ್ರಯೋಜನ? "ಅಕ್ಷರ ಹೋಗ್ತಾವಣ್ಣಾ," ಎಂದೆ. "ಎಣ್ಣ್ಯಾಗ ನೆನಿಲಿ. ನಾಳಿಗೆ ಬಿದಿರ ಕಡ್ಡೀಲೆ ಒಂದೊಂದ ಅಕ್ಷರ ಬಿಡಸಿಕೊಡ್ತೀನಿ. ನನ್ನ ಮ್ಯಾಲ ಸಿಟ್ಟಿದ್ರ ನನ್ನ ಮ್ಯಾಲ ತೀರಸಿಕೊ, ಅದನ್ನ ಯಾಕ ತಿಕ್ಕತಿ?"

ಅಣ್ಣ ಹೆಬ್ಬೆರಳಿನ ಪೇಪರ್ ಬಿಚ್ಚಿ ಅಂಗಳಕ್ಕೆ ಎಸೆದ. ಚಾಕು ಮಡಚಿದ. ಆ ಟಕ್ ಮೆತ್ತಗಾಗಿತ್ತು, ಎಣ್ಣೆ ಕುಡಿದಿತ್ತಲ್ಲ. ನೆಲದ ಮೇಲೆ ಇಡುತ್ತಾನೆಂದು ನಾನು ಕಾದೆ. ನಮ್ಮ ಕಡೆ ಚಾಕುವನ್ನು ಯಾರೂ ಕೈಯಿಂದ ಕೈಗೆ ಕೊಡುವುದಿಲ್ಲ. ಬೆಳಗಿನಿಂದ ಒಂದೊಂದನ್ನೂ ಹಾಗೇ ನೆಲಕ್ಕಿಟ್ಟೇ ದಾಟಿಸಿದ್ದೆವು. ಈಗ ಅವನು ಇಡಲಿಲ್ಲ. ನನ್ನ ಕಡೆ ಕೈ ಚಾಚಿ ಹಿಡಿದೇ ಕೂತ.

"ಹಿಡಿ."

"ಕೆಳಗಿಡಣ್ಣಾ. ಕೈಯಾಗ ಕೊಟ್ರ ಜಗಳ ಹತ್ತತೈತಿ."

"ಹತ್ತಲಿ ಬಿಡಲೇ," ಎಂದ. "ಜಗಳಾಡಾಕಾದ್ರೂ ನೀ ಬರ್ತೀಯಲ್ಲ."