ಖಾಲಿ ಎಂದು ಬರೆದ ಮನೆ

ಲೊರೆನ್ಸ್ ಡ್ಯೂರ್‌ನಾಗೆಲ್ ಎಂಬ ಇಪ್ಪತ್ತೇಳರ ತರುಣನನ್ನು ಕಂಡರೆ ಮುಖ ಅರಳಿಸುವವರು ಆ ಊರಿನಲ್ಲಿ ಕಡಿಮೆ. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ, ಅವನ ಕೆಲಸವೇ ಅಂಥದು. ತಪ್ಪು ಜಾಗದಲ್ಲಿ ನಿಂತ ಕಾರುಗಳ ಗಾಜಿಗೆ ದಂಡದ ಚೀಟಿ ಸಿಕ್ಕಿಸುತ್ತ ಬೀದಿ ಬೀದಿ ಅಲೆಯುವ ತಾತ್ಕಾಲಿಕ ನೌಕರಿ. ಮಾರ್ಚ್ ತಿಂಗಳ ಕೊನೆಗೆ ಕರಾರು ಮುಗಿಯುತ್ತಿತ್ತು. ಹೆತ್ತ ತಾಯಿ ಕೂಡ ನೆಂಟರ ಮುಂದೆ "ನಗರಸಭೇಲಿದ್ದಾನೆ" ಎಂದಷ್ಟೇ ಹೇಳಿ, ಕೇಕ್ ಇನ್ನೊಂದು ತುಂಡು ಹಾಕಲಾ ಎಂದು ಮಾತು ತಿರುಗಿಸುತ್ತಿದ್ದಳು. ಒಮ್ಮೆ ತನ್ನ ಸೈಕಲ್ಲಿಗೆ ತಾನೇ ಚೀಟಿ ಬರೆದುಕೊಂಡ ಕಥೆಯನ್ನು ಲೊರೆನ್ಸ್ ಎಲ್ಲರಿಗೂ ಹೇಳಿ ನಗಿಸುತ್ತಿದ್ದ. ಉಳಿದವರು ನಗುವ ಮೊದಲು ತಾನೇ ನಕ್ಕರೆ ನೋವು ಅರ್ಧಕ್ಕಿಳಿಯುತ್ತದೆ ಎಂಬುದು ಆ ಕೆಲಸ ಅವನಿಗೆ ಕಲಿಸಿದ ಒಂದೇ ವಿದ್ಯೆ.

ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ ಬಳ್ಳಿಗಳು ಇನ್ನೂ ಬೋಳು ಕಡ್ಡಿಗಳಾಗಿದ್ದ ಹೊತ್ತು. ಕೆಳಗಿನ ಜಲದ್ವಾರದ ದುರಸ್ತಿಗೆಂದು ಮೈನ್ ನದಿಯ ನೀರನ್ನು ಇಳಿಸಿದ್ದರು. ನೀರು ಇಳಿದ ಹಾಗೆ ಹಳೇ ದಂಡೆಗೋಡೆಯ ಬುಡದಲ್ಲಿ ಮೊದಲು ಮುರುಕು ಸೈಕಲ್ಲು ಕಂಡಿತು, ಆಮೇಲೆ ಯಾರೋ ಎಸೆದ ಕುರ್ಚಿ, ಆಮೇಲೆ ಕೆಸರಿನಲ್ಲಿ ಮಲಗಿದ ಹಂದಿಯ ಬೆನ್ನಿನಂಥದೊಂದು. ಹಂದಿ ಇನ್ನೂರೈವತ್ತು ಕಿಲೋ ತೂಗುತ್ತಿತ್ತು. ಎಂಬತ್ತು ವರ್ಷದ ಹಿಂದೆ, ಯುದ್ಧದ ಕಾಲದ ಇಂಥದೇ ಒಂದು ಮಾರ್ಚಿನಲ್ಲಿ, ಇಡೀ ಊರು ಇಪ್ಪತ್ತು ನಿಮಿಷದಲ್ಲಿ ಬೂದಿಯಾದ ರಾತ್ರಿ, ಆಕಾಶದಿಂದ ಬಿದ್ದು ಸಿಡಿಯದೆ ಉಳಿದಿತ್ತು.

ಭಾನುವಾರ ನದಿಯ ಎರಡೂ ದಂಡೆಯ ಬೀದಿಗಳನ್ನು ಖಾಲಿ ಮಾಡಿಸಿ, ಒಂದು ಗಂಟೆಗೆ ತಜ್ಞನೊಬ್ಬ ಬಾಂಬಿನ ಸಿಡಿಯುವ ಕೀಲು ಬಿಚ್ಚುವುದೆಂದು ತೀರ್ಮಾನವಾಯಿತು. ಎಂಟಕ್ಕೆ ಸೈರನ್ ಏರಿ ಇಳಿದು ಏರಿ ಕೂಗಿತು. ಮೂವತ್ತು ಜನ ನೌಕರರ ಕೈಗೆ ಒಂದೊಂದು ಪಟ್ಟಿ, ಒಂದೊಂದು ವಾಕಿಟಾಕಿ, ಒಂದೊಂದು ಸೀಮೆಸುಣ್ಣ. ಪ್ರತಿ ಮನೆಯ ಬೆಲ್ ಒತ್ತಬೇಕು, ಒಳಗೆ ಹೋಗಿ ನೋಡಬೇಕು, ಯಾರೂ ಇಲ್ಲವೆಂದು ಖಾತ್ರಿಯಾದರೆ ಪಟ್ಟಿಯಲ್ಲಿ "ಖಾಲಿ" ಎಂದು ಬರೆದು ಬಾಗಿಲಿಗೆ ಒಂದು ಗೀಟು ಎಳೆಯಬೇಕು.

ಲೊರೆನ್ಸ್‌ನ ಪಾಲಿಗೆ ಬಂದದ್ದು ನದಿಗೆ ಇಳಿಯುವ ಓಣಿ, ಹನ್ನೊಂದು ಮನೆ. ಸುಲಭವೇ. ಆದರೆ ಐದನೆಯದು ಹೋಟೆಲು. ವಸಂತದ ಮೊದಲ ಪ್ರವಾಸಿಗಳು ಅಲ್ಲಿದ್ದರು. ಅವರನ್ನು ಹೊರಡಿಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ಕೂರಿಸಿದ ಹಾಗೆ. ಒಬ್ಬಾಕೆಗೆ ಸೇತುವೆಯ ಮೇಲಿನ ಸಂತರ ಮೂರ್ತಿಗಳ ಜೊತೆ ಫೋಟೋ ಬೇಕಿತ್ತು.

"ಬಾಂಬು ಎಲ್ಲಿಂದ ಚೆನ್ನಾಗಿ ಕಾಣುತ್ತೆ?" ಎಂದು ಆಕೆಯ ಗಂಡ ಕೇಳಿದ.

"ಸ್ವರ್ಗದಿಂದ," ಎಂದ ಲೊರೆನ್ಸ್.

"ಇದೂ ನಮ್ಮ ಟೂರ್ ಪ್ಯಾಕೇಜಿನಲ್ಲೇ ಬರುತ್ತೇನಪ್ಪ?"

ಬಸ್ಸು ಹತ್ತಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ವಾಕಿಟಾಕಿಯಲ್ಲಿ ಮುಖ್ಯಸ್ಥೆ ಬೆಟಿನಾಳ ದನಿ ಸಿಡುಕಿತು: "ಲೊರೆನ್ಸ್, ಎಲ್ಲರೂ ಮುಗಿಸಿದಾರೆ. ಇಡೀ ಊರು ನಿನ್ನೊಬ್ಬನಿಗೆ ಕಾಯ್ಬೇಕಾ?" ಕೊನೆಯ ಮನೆಗೆ ಅವನು ಓಡುತ್ತಲೇ ಬಂದ. ಹನ್ನೊಂದನೇ ನಂಬರು, ಕೆಳಗಿನ ಮನೆ, ಬೆಲ್ಲಿನ ಪಕ್ಕ ಝೆಂಗ್ಲೈನ್ ಎಂಬ ಹೆಸರು. ಕಿಟಕಿಯ ಪರದೆ ಇಳಿದಿತ್ತು. ಎರಡು ಸಲ ಬೆಲ್ ಒತ್ತಿದ. ಸದ್ದಿಲ್ಲ. ಕದದ ಹಿಡಿಯನ್ನು ಮುಟ್ಟಿದ, ತಿರುಗಿಸಲಿಲ್ಲ. "ಖಾಲಿ" ಎಂದು ಬರೆದು ಗೀಟು ಎಳೆದ. ಗೀಟು ಮಾತ್ರ ಬಹಳ ಅಚ್ಚುಕಟ್ಟಾಗಿ ಬಂತು.

ಜನರನ್ನು ಕೂರಿಸಿದ್ದ ಶಾಲೆಯ ಆಟದ ಹಾಲಿನಲ್ಲಿ ಆಲೂಗಡ್ಡೆ ಸೂಪಿನ ಹಬೆ. ಲೊರೆನ್ಸ್ ಬಟ್ಟಲು ಹಿಡಿದು ಕೂತಾಗ ಪಕ್ಕಕ್ಕೆ ಬಂದವನು ಅದೇ ಹನ್ನೊಂದನೇ ನಂಬರಿನ ಮೇಲ್ಮಹಡಿಯ ರಾಬೋಲ್ಡ್, ಕನ್ನಡಕದಂಗಡಿಯವನು.

"ನಮ್ಮ ಕೆಳಗಿನ ಮನೆ ಅಫ್ರಾ ಝೆಂಗ್ಲೈನ್ ಎಲ್ಲಿ, ಕಾಣ್ತಾ ಇಲ್ವಲ್ಲ?"

"ಮನೆ ಖಾಲಿ ಇತ್ತು. ಮಕ್ಕಳ ಮನೆಗೆ ಹೋಗಿರ್ಬೇಕು."

"ಮಕ್ಕಳಾ? ಮದುವೇನೇ ಆಗ್ಲಿಲ್ಲ ಆ ಮಹಾತಾಯಿ. ಟ್ರ್ಯಾಮಿನಲ್ಲಿ ಕಂಡಕ್ಟರ್ ಆಗಿದ್ರು, ಇಡೀ ಊರಿನ ಕಿವಿ ಹಿಂಡಿದ್ದಾಯ್ತು, ಇನ್ನು ಮನೇಲಿ ಬೇರೆ ಗಂಡನ ಕಿವಿ ಯಾಕೆ ಅಂತ ಬಿಟ್ರು." ರಾಬೋಲ್ಡ್ ಬ್ರೆಡ್ಡನ್ನು ಸೂಪಿಗೆ ಅದ್ದಿದ. "ನೆಲಮಾಳಿಗೇಲಿರ್ತಾರೆ ಬಿಡಿ. ಸೈರನ್ ಕೂಗ್ತಲ್ಲ? ಪರೀಕ್ಷೆಗೆ ಅಂತ ಕೂಗಿದ್ರೂ ಇಳಿದುಬಿಡ್ತಾರೆ. ಒಂದು ಸ್ಟೂಲು, ಒಂದು ಫ್ಲಾಸ್ಕು, ಒಂದು ಒದ್ದೆ ಟವೆಲ್ಲು. ಕಾಲು ಗಂಟೆ ಕೂತು ಬರ್ತಾರೆ. ನಮ್ಮ ಓಣಿಗೆಲ್ಲ ಗೊತ್ತಿರೋದೇ. ನೀವು ಕರ್ಕೊಂಡು ಬಂದ್ರಿ ತಾನೆ?"

"ಹೂಂ," ಎಂದ ಲೊರೆನ್ಸ್.

ಬಟ್ಟಲು ಅಲ್ಲೇ ಬಿಟ್ಟು ಬೆಟಿನಾಳ ಹತ್ತಿರ ಹೋದ. ಅವಳು ಆಗಷ್ಟೇ ಮೈಕು ಹಿಡಿದು, ಮೂರು ಸಾವಿರ ಜನ, ಒಬ್ಬರೂ ಬಾಕಿ ಇಲ್ಲ, ಹೇಳಿದ ಹೊತ್ತಿಗಿಂತ ಮೊದಲೇ ಮುಗಿಯಿತು ಎಂದು ಸಾರುತ್ತಿದ್ದಳು. ಹಾಲೆಲ್ಲ ಚಪ್ಪಾಳೆ. ಅವಳು ಲೊರೆನ್ಸ್‌ನ ಬೆನ್ನಿಗೊಂದು ತಟ್ಟಿ, "ನೋಡು, ಕೊನೆಗೂ ಒಂದು ದಿನ ಜನ ನಮಗೆ ಚಪ್ಪಾಳೆ ಹೊಡೆದ್ರು. ನಿನ್ನ ಕರಾರಿನ ವಿಷಯ ನಾಳೆ ಮಾತಾಡೋಣ," ಎಂದಳು. ಅವನು ಬಾಯಿ ತೆರೆದ. ಹೊರಟದ್ದು "ಥ್ಯಾಂಕ್ಸ್" ಮಾತ್ರ.

ಗಡಿಯಾರದಲ್ಲಿ ಹನ್ನೆರಡು ಹತ್ತು. ಐವತ್ತು ನಿಮಿಷ ಇದೆಯಲ್ಲ, ಯಾರಿಗೂ ಗೊತ್ತಾಗದ ಹಾಗೆ ಮುದುಕಿಯನ್ನು ಎತ್ತಿಕೊಂಡು ಬಂದರೆ ಆಯಿತು ಎಂದುಕೊಂಡ. ಮನುಷ್ಯ ಮಾನ ಉಳಿಸಿಕೊಳ್ಳಲು ಹಾಕುವ ಲೆಕ್ಕಗಳಲ್ಲಿ ಸಮಯ ಯಾವಾಗಲೂ ಧಾರಾಳವಾಗಿಯೇ ಇರುತ್ತದೆ.

ಹಗ್ಗ ಕಟ್ಟಿದ ಕಡೆ ಪೊಲೀಸಿನವನು ಅವನ ಹಳದಿ ಅಂಗಿ ನೋಡಿ, "ಏನಪ್ಪಾ, ಬಾಂಬಿಗೂ ಚೀಟಿ ಹಚ್ಚೋಕೆ ಹೊರಟೆಯಾ?" ಎಂದು ಕಿಚಾಯಿಸಿ ಒಳಗೆ ಬಿಟ್ಟ.

ಜನರಿಲ್ಲದ ಊರು ಹೀಗಿರುತ್ತದೆಂದು ಲೊರೆನ್ಸ್‌ಗೆ ಗೊತ್ತಿರಲಿಲ್ಲ. ಭಾನುವಾರವಾದರೂ ಒಂದು ಇಗರ್ಜಿಯ ಗಂಟೆಯೂ ಬಾರಿಸಲಿಲ್ಲ. ಯಾವುದೋ ಮನೆಯಲ್ಲಿ ಮರೆತು ಬಿಟ್ಟ ಅಲಾರಾಂ ಬಡಿದುಕೊಳ್ಳುತ್ತಲೇ ಇತ್ತು. ಬಾಗಿಲು ಬಾಗಿಲಿಗೂ ಅವನದೇ ಕೈಯ ಬಿಳಿ ಗೀಟು. ಹೆಣಗಳ ಹಣೆಗೆ ಬೂದಿ ಬಳಿದ ಹಾಗೆ ಕಂಡಿತು.

ಹನ್ನೊಂದನೇ ನಂಬರಿನ ಕದ ಬರೀ ಹಿಡಿ ತಿರುಗಿಸಿದರೆ ತೆರೆದುಕೊಂಡಿತು. ನೆಲಮಾಳಿಗೆಯಲ್ಲಿ ಸ್ಟೂಲು ಇತ್ತು, ಫ್ಲಾಸ್ಕು ಇತ್ತು, ಅಫ್ರಾ ಇರಲಿಲ್ಲ. ಎದುರು ಗೋಡೆಯಲ್ಲಿ ಸೊಂಟದೆತ್ತರಕ್ಕೆ ಒಂದು ಕಿಂಡಿ, ಅದಕ್ಕೆ ಮುಚ್ಚಿದ್ದ ಹಲಗೆ ಪಕ್ಕಕ್ಕೆ ಸರಿದಿತ್ತು. ಯುದ್ಧದ ಕಾಲದಲ್ಲಿ ಒಂದು ಮನೆಗೆ ಬೆಂಕಿ ಬಿದ್ದರೆ ಇನ್ನೊಂದಕ್ಕೆ ನುಸುಳಲೆಂದು ಮಾಳಿಗೆಯಿಂದ ಮಾಳಿಗೆಗೆ ಒಡೆದಿದ್ದ ಕಿಂಡಿ. ಪಕ್ಕದಲ್ಲಿ ಮಾಸಿದ ಬಿಳಿ ಬಾಣ. ಬಾಣ ನದಿಯ ಕಡೆ ತೋರಿಸುತ್ತಿತ್ತು.

ವಾಕಿಟಾಕಿ ಒತ್ತಿದ. ಬರೀ ಗೊರಗೊರ. ಕಲ್ಲಿನ ಕಮಾನಿನಡಿ ಅದು ಸತ್ತಿತ್ತು.

ಎರಡು ಕಿಂಡಿ ನುಸುಳಿ ಮೂರನೇ ಮಾಳಿಗೆಗೆ ಬಿದ್ದಾಗ ಟಾರ್ಚಿನ ಬೆಳಕಿನಲ್ಲಿ ಅವಳು ಕಂಡಳು. ಎಂಬತ್ತಾರರ ಸಣಕಲು ಮುದುಕಿ, ಕೋಟಿನ ಗುಂಡಿ ಕತ್ತಿನವರೆಗೆ ಹಾಕಿಕೊಂಡು, ಒದ್ದೆ ಟವೆಲ್ಲು ಕೈಯಲ್ಲಿ ಹಿಡಿದು, ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು.

"ಅಜ್ಜೀ! ಬನ್ನಿ, ಬೇಗ ಹೋಗ್ಬೇಕು."

"ಯಾರಿಗೋ ಅಜ್ಜಿ? ನಿನ್ನಂಥ ಮೊಮ್ಮಗನ್ನ ಪಡೆಯೋಕೆ ನಾನೇನು ಪಾಪ ಮಾಡಿದ್ದೆ?"

"ಕ್ಷಮಿಸಿ, ಝೆಂಗ್ಲೈನ್ ಮೇಡಂ. ಬಾಂಬು ಸಿಕ್ಕಿದೆ. ನಿಮಗೆ ಗೊತ್ತಿಲ್ವಾ?"

"ನಾಲ್ಕು ದಿನದಿಂದ ರೇಡಿಯೋ ಅದನ್ನೇ ಒದರ್ತಿದೆ, ಗೊತ್ತಿಲ್ದೆ ಏನು? ನದೀಲಿ ಸಿಕ್ಕಿದೆ."

"ಮತ್ತೆ ನದಿ ಕಡೆಗೇ ಬಂದಿದೀರಲ್ಲ!"

"ತಲೆಗೆ ಗೊತ್ತು ಕಣಪ್ಪ. ಕಾಲಿಗೆ ಗೊತ್ತಿಲ್ಲ. ಪರೀಕ್ಷೆ ಸೈರನ್ನಾದ್ರೆ ಒಂದೇ ಸಮ ಊದುತ್ತೆ, ಕೂತು ಎದ್ದು ಬರ್ತೀನಿ. ಇವತ್ತು ಅದು ಏರಿ ಇಳಿದು ಕೂಗ್ತು ನೋಡು. ಬೆಂಕಿ ಬಂದ್ರೆ ನೀರಿನ ಕಡೆಗೆ ಅಂತ ನಮ್ಮಮ್ಮ ನನ್ನ ಈ ಕಿಂಡಿಗಳಲ್ಲೇ ತೂರಿಸಿದ್ಲು. ಆಗ ಆರು ವರ್ಷ. ಕಾಲು ತಾನಾಗೇ ಹೊರಟ್ಬಿಡ್ತು. ಇಲ್ಲಿ ಬಂದು ಮಂಡಿ ಕೈಕೊಡ್ತು."

ಆ ಮಾಳಿಗೆಯ ಮೆಟ್ಟಿಲಿಗೆ ಮೇಲಿನಿಂದ ಬೀಗ ಬಿದ್ದಿತ್ತು. ಅವಳನ್ನು ಎತ್ತಿ ಕಿಂಡಿಯಲ್ಲಿ ವಾಪಸು ತೂರಿಸಲು ಲೊರೆನ್ಸ್ ನೋಡಿದ. ಎರಡು ಸಲವೂ ಇಬ್ಬರೂ ಉರುಳಿದರು. "ಆಲೂಗಡ್ಡೆ ಮೂಟೆ ಹೊತ್ತಾದ್ರೂ ಅಭ್ಯಾಸ ಉಂಟಾ?" ಎಂದಳು ಅವಳು ಏದುಸಿರಿನಲ್ಲಿ.

"ನಾನು ಮೇಲೆ ಹೋಗಿ ಜನ ಕರ್ಕೊಂಡು ಬರ್ತೀನಿ. ಐದು ನಿಮಿಷ."

ಟವೆಲ್ಲು ಹಿಡಿದಿದ್ದ ಕೈ ಅವನ ತೋಳನ್ನು ಹಿಡಿಯಿತು. ಹಿಡಿತ ಬಿಗಿಯಾಗಿತ್ತು. "ಅವತ್ತೂ ಒಬ್ಬ ಪಟ್ಟಿ ಹಿಡಿದು ನಿಂತಿದ್ದ. ಕಾವಲಿನವನು. ಹೆಸರು ಕೂಗಿ, ಎಲ್ರೂ ಬಂದಾಯ್ತು ಅಂತ ಹೊಗೆ ಬರದ ಹಾಗೆ ಕಿಂಡಿ ಮುಚ್ಚಿಸ್ದ. ನಮ್ಮಜ್ಜಿ ಕಂಬಳಿ ತರೋಕೆ ಹಿಂದಕ್ಕೆ ಹೋಗಿದ್ಲು. ಕೆಟ್ಟವನೇನಲ್ಲ ಆತ. ಅವಸರದಲ್ಲಿದ್ದ."

ಮಾಳಿಗೆಯ ಮೂಲೆಯಲ್ಲೆಲ್ಲೋ ನೀರು ತೊಟ್ಟಿಕ್ಕುತ್ತಿತ್ತು.

"ನಿಮ್ಮ ಮನೆ ಖಾಲಿ ಅಂತ ಬರೆದವನು ನಾನೇ," ಎಂದ ಲೊರೆನ್ಸ್. "ನಾನು ನಿಮ್ಮನ್ನ ಹುಡುಕ್ಕೊಂಡು ಬಂದಿರೋದು ಯಾರಿಗೂ ಗೊತ್ತಿಲ್ಲ. ಹೇಳದೆ ಬಂದೆ."

"ಅದೂ ಈ ಕಿಂಡಿಗಳಲ್ಲಿ ಹಾದು ಕೇಳಿಸ್ತು. ಎರಡು ಸಲ ಬೆಲ್ಲು, ಟಪಟಪ ಓಟ. ನಲವತ್ತು ವರ್ಷ ಟ್ರ್ಯಾಮಿನಲ್ಲಿ ತಲೆ ಎಣಿಸಿದೀನಿ. ಬಾಗಿಲಲ್ಲಿ ನಿಂತು ಎಣಿಸೋನು ಕಂಡಕ್ಟರಲ್ಲ, ಪ್ರಯಾಣಿಕ." ಅವಳು ಗೋಡೆ ಹಿಡಿದು ಏಳತೊಡಗಿದಳು. "ಮುಂದೆ ಕಬ್ಬಿಣದ ಬಾಗಿಲಿದೆ, ದಂಡೆ ಮೆಟ್ಟಿಲಿಗೆ ತೆರೆಯುತ್ತೆ. ಕೆಲಸ ಶುರುವಾಗೋದು ಎಷ್ಟಕ್ಕೆ?"

"ಒಂದಕ್ಕೆ. ಈಗ ಹನ್ನೆರಡೂ ಮುಕ್ಕಾಲು."

"ಹಾಗಾದ್ರೆ ಕೀಲು ಬಿಚ್ಚೋಕೆ ಬರೋನಿಗೇ ಹೇಳೋಣ ನಡಿ."

ಬಾಗಿಲಿನ ಅಗುಳಿಯನ್ನು ಕಲ್ಲಿನಿಂದ ಬಡಿಯಬಾರದೆಂದು ಇಬ್ಬರಿಗೂ ಹೊಳೆಯಿತು. ಲೊರೆನ್ಸ್ ಬೆರಳು ಹರಿದುಕೊಂಡು ಅದನ್ನು ಇಷ್ಟಿಷ್ಟೇ ಸರಿಸಿದ. ಕದ ಒಂದು ಗೇಣು ತೆರೆಯಿತು. ಬೂದು ಬೆಳಕು, ಕೆಸರಿನ ವಾಸನೆ. ಇಪ್ಪತ್ತು ಹೆಜ್ಜೆ ದೂರದಲ್ಲಿ, ಅವರಿಗೆ ಬೆನ್ನು ಮಾಡಿ, ಒಬ್ಬ ಮನುಷ್ಯ ಆ ಹಂದಿಬೆನ್ನಿನ ಮುಂದೆ ಮಂಡಿಯೂರಿದ್ದ. ಎರಡೂ ಕೈ ಅದರೊಳಗಿದ್ದವು.

ಊರು ಬೇಗ ಖಾಲಿಯಾಗಿದೆ ಎಂದು ವರದಿ ಹೋಗಿತ್ತಲ್ಲ. ಅವನೂ ಬೇಗ ಶುರು ಮಾಡಿದ್ದ.

ಲೊರೆನ್ಸ್ ಕೂಗಲೆಂದು ಎದೆ ತುಂಬ ಉಸಿರೆಳೆದ. ಅಫ್ರಾಳ ಒದ್ದೆ ಟವೆಲ್ಲು ಅವನ ಬಾಯಿಗೆ ಬಂದು ಕೂತಿತು. "ಗಾಡಿ ಓಡ್ತಿರೋವಾಗ ಡ್ರೈವರ್ ಹತ್ರ ಮಾತಾಡ್ಬಾರ್ದು," ಎಂದು ಅವಳು ಅವನ ಕಿವಿಯಲ್ಲಿ ಉಸುರಿದಳು. ಟ್ರ್ಯಾಮಿನಲ್ಲಿ ಬರೆದು ಹಾಕಿದ ಬೋರ್ಡಿನ ಮಾತು. ನಲವತ್ತು ವರ್ಷ ಜನರಿಗೆ ಗದರಿ ಹೇಳಿದ್ದನ್ನು ಈಗ ಪಿಸುಗುಟ್ಟಿದಳು.

ಹಿಂದಕ್ಕೆ ಹೋಗುವಂತಿಲ್ಲ, ಮುಂದಕ್ಕೆ ಹೋಗುವಂತಿಲ್ಲ. ನಿಂತರು. ನದಿಯ ಗಾಳಿ ಕದವನ್ನು ತಳ್ಳುತ್ತಿತ್ತು, ಹಳೇ ಕೀಲು ಕಿರುಗುಟ್ಟಲು ಹವಣಿಸುತ್ತಿತ್ತು. ಲೊರೆನ್ಸ್ ಬೂಟಿನ ತುದಿಯನ್ನು ಕದದಡಿ ಕೊಟ್ಟ. ಬಾತುಕೋಳಿಯೊಂದು ಕೆಸರಿನಲ್ಲಿ ಆ ಮನುಷ್ಯನ ಪಕ್ಕಕ್ಕೇ ನಡೆದು ಬಂದು ಬಗ್ಗಿ ನೋಡಿ ಹೋಯಿತು. ಆಚೆ ದಂಡೆಯಲ್ಲಿ ಒಂದು ಕಿಟಕಿ ಹೊಳೆಯಿತು. ಅದು ತಾನಾಗಿ ಹೊಳೆಯಿತೋ, ಯಾರಾದರೂ ತೆರೆದರೋ ಎಂದು ಲೊರೆನ್ಸ್ ಕಣ್ಣು ಕಿರಿದು ಮಾಡಿ ನೋಡಿದ.

ಕದ ಕೊನೆಗೂ ಕಿರ್ ಎಂದಿತು.

ಮನುಷ್ಯ ತಿರುಗಲಿಲ್ಲ. ಅವನ ಕೈಗಳು ನಿಂತವು. ಒಂದು ಉಸಿರು, ಎರಡು ಉಸಿರು. ಮತ್ತೆ ಚಲಿಸಿದವು, ಮೊದಲಿಗಿಂತ ನಿಧಾನ. ಎಷ್ಟೋ ಹೊತ್ತಿನ ಮೇಲೆ ಮುಷ್ಟಿಯಷ್ಟು ಗಾತ್ರದ ತುಕ್ಕು ಹಿಡಿದ ಕೀಲನ್ನು ಹೊರಗೆಳೆದು, ಮರಳಿನ ಡಬ್ಬಿಯೊಳಗೆ ಮಲಗಿಸಿ ಮುಚ್ಚಿದ. ಆಮೇಲೆ ತಿರುಗಿದ.

"ಎಷ್ಟು ಜನ?"

"ಇಬ್ಬರು," ಎಂದ ಲೊರೆನ್ಸ್.

"ನನಗೆ ಸೊನ್ನೆ ಅಂದಿದ್ರು." ಅವನು ಎರಡೂ ಕೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಆ ಸೊನ್ನೆ ಯಾರದು?"

"ನನ್ನದು."

ಮನುಷ್ಯ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇದರಡಿ ಇನ್ನೊಂದು ಮಲಗಿದೆ," ಎಂದ, ಗಲ್ಲದಿಂದ ಕೆಸರನ್ನು ತೋರಿಸಿ. "ಇದರ ಬುಡದ ಕೆಸರು ತೆಗೆದ ಮೇಲೇ ಕಂಡಿದ್ದು. ಅದರ ಕೀಲು ಬೇರೆ ಥರದ್ದು, ಯಾವಾಗ ಬೇಕಾದ್ರೂ ತಾನಾಗೇ ಸಿಡಿಯಬಹುದು. ಈಗಲೇ ಕೈ ಹಾಕ್ಬೇಕು. ಮಿಕ್ಕ ಪಟ್ಟಿಗಳು ಸರಿ ಇದಾವಾ?"

ಅಫ್ರಾ ಲೊರೆನ್ಸ್‌ನ ಮುಖವನ್ನೇ ನೋಡುತ್ತಿದ್ದಳು.

ಬಯಲಿಗೆ ಬಂದದ್ದೇ ವಾಕಿಟಾಕಿಗೆ ಜೀವ ಬಂದಿತ್ತು. ಅದರಲ್ಲಿ ಆಡಿದ್ದು ಮೂವತ್ತು ಜನರಿಗೂ ಕೇಳುತ್ತಿತ್ತು. ಲೊರೆನ್ಸ್ ಗುಂಡಿ ಒತ್ತಿದ. ನಗಿಸುವ ಮಾತೊಂದಕ್ಕಾಗಿ ಅಭ್ಯಾಸದಿಂದ ತಡಕಾಡಿದ, ಏನೂ ಸಿಗಲಿಲ್ಲ.

"ಬೆಟಿನಾ, ಲೊರೆನ್ಸ್ ಮಾತಾಡ್ತಿದೀನಿ. ಹನ್ನೊಂದನೇ ನಂಬರು ನಾನು ಒಳಗೆ ಹೋಗಿ ನೋಡ್ಲಿಲ್ಲ. ನೋಡ್ದೆ ಖಾಲಿ ಅಂತ ಬರ್ದೆ. ಒಳಗೆ ಜೀವ ಇತ್ತು. ಈಗ ನಾವಿಬ್ರೂ ದಂಡೇಲಿದೀವಿ, ಬಾಂಬಿನ ಪಕ್ಕ. ಇನ್ನೊಂದು ಬಾಂಬಿದೆ."

ವಾಕಿಟಾಕಿಯಲ್ಲಿ ಶಾಲೆಯ ಗದ್ದಲ ಕೇಳಿತು. ಆಮೇಲೆ ಬೆಟಿನಾ ಮೆಲ್ಲಗೆ ಕೇಳಿದಳು: "ಹಾಗೆ ಬರೆದೋನು ನೀನೊಬ್ಬನೇನಾ, ಲೊರೆನ್ಸ್?"

ಅವನು ಉತ್ತರಿಸುವ ಮೊದಲೇ ವಾಕಿಟಾಕಿಯಲ್ಲಿ ಬೇರೊಂದು ದನಿ ಕೆಮ್ಮಿತು. "ಆಚೆ ದಂಡೆ... ಇಪ್ಪತ್ತಮೂರನೇ ನಂಬರು. ಅಟ್ಟದ ಮನೆ. ನಾಲ್ಕು ಮಹಡಿ ಇತ್ತು, ನಾನು ಮೂರೇ ಹತ್ತಿದ್ದು."

ಮತ್ತೆ ಗೊರಗೊರ.

"ನಂದೂ ಒಂದಿದೆ," ಎಂದಿತು ಮೂರನೆಯ ದನಿ.

ಮನುಷ್ಯ ಕಂಕುಳಿನಿಂದ ಕೈ ತೆಗೆದ. ನದಿಯಾಚೆಯ ಕಿಟಕಿಗಳನ್ನು ಒಂದೊಂದಾಗಿ ನೋಡತೊಡಗಿದ.