ನಿರಾಕರಣೆಗೆ ಕಾರಣ: ಚೀಲ

ಆಸ್ಪತ್ರೆಯ ಎಚ್‌ಐವಿ ವಿಭಾಗದಲ್ಲಿ ಆಪ್ತಸಮಾಲೋಚಕಿಯಾಗಿ ಹತ್ತೊಂಬತ್ತು ವರ್ಷ ಸವೆಸಿದವಳನ್ನು ಎಲ್ಲರೂ ಕರೆಯುವುದು ಅಕ್ಕ ಎಂದೇ. ಬಂದವರ ಮುಖ ವರಾಂಡದವರ ಕಣ್ಣಿಗೆ ಬೀಳಬಾರದೆಂದು ಹಿಂಬಾಗಿಲ ಪಕ್ಕದ ಕೋಣೆಯನ್ನೇ ಹಟ ಹಿಡಿದು ಪಡೆದವಳು. ಹದಿಹರೆಯದವರು ಮಾತ್ರೆಯನ್ನು ನಡುವೆ ಯಾಕೆ ಬಿಡುತ್ತಾರೆ, ಅವರನ್ನೇ ಕೇಳಿ ಎಂದು ಮೇಲಿನವರ ಕಿವಿ ತೂತಾಗುವಂತೆ ಹೇಳಿದ್ದಳು. ಅಂತೂ ಸಂಶೋಧನೆ ಮಂಜೂರಾಯಿತು.

ಮಕ್ಕಳು ಸಹಿ ಹಾಕಬೇಕಾದ ಒಪ್ಪಿಗೆ ಪತ್ರ ಬಂತು; ಅದರಲ್ಲಿ ಗುಟ್ಟು ಕಾಪಾಡುವ ಬಗ್ಗೆಯೇ ಹದಿನಾಲ್ಕು ಪುಟ. ಜೊತೆಗೆ, ಭಾಗವಹಿಸುವ ಮಕ್ಕಳಿಗೆ ಉಡುಗೊರೆಯೆಂದು ಇನ್ನೂರು ಬಟ್ಟೆಚೀಲ. ಮೇಲೆ ಅಂಗೈಯಗಲದ ಕೆಂಪಕ್ಷರ: ‘ಎಚ್‌ಐವಿ ಹದಿಹರೆಯ ಸಂಶೋಧನೆ’. ಅಕ್ಕ ಹಣೆ ಹಣೆ ಚಚ್ಚಿಕೊಂಡಳು.

ಮೊದಲು ಬಂದವಳು ಹದಿನಾರರ ಹುಡುಗಿ. ಸೋಂಕು ಹುಟ್ಟಿನಿಂದಲೇ ಬಂದದ್ದು. ಮನೆಯಲ್ಲಿ ಗೊತ್ತಿರುವುದು ಅಜ್ಜಿಗೆ ಮಾತ್ರ. ಸೋದರತ್ತೆಗೆ ತಿಳಿದರೆ ಅಂದೇ ತಟ್ಟೆ ಲೋಟ ಬೇರೆ. ಪಕ್ಕದಲ್ಲೇ ಮಲಗುವ ಅತ್ತೆಗೆ ಡಬ್ಬಿಯ ಗಲಗಲ ಕೇಳೀತೆಂದು ಹುಡುಗಿ ಎಷ್ಟೋ ದಿನ ಮಾತ್ರೆ ಬಿಟ್ಟಿದ್ದಳು. ಡಬ್ಬಿಗೆ ಹತ್ತಿ ತುರುಕಿದ ಮೇಲೆ ಒಂದು ದಿನವೂ ತಪ್ಪಿಸಿಲ್ಲ. ಇದನ್ನು ಅವಳು ಹೇಳಿದ್ದು ಅಕ್ಕನಿಗೆ ಮಾತ್ರ. ದೊಡ್ಡವರು ಹುಡುಕುತ್ತಿದ್ದ ಉತ್ತರ ಒಂದು ಹಿಡಿ ಹತ್ತಿಯಲ್ಲಿತ್ತು.

ಒಪ್ಪಿಗೆ ಪತ್ರದಲ್ಲಿ ಪೋಷಕರ ಗೆರೆಯ ಮೇಲೆ ಅಜ್ಜಿ ಸಹಿ ಹಾಕಿದಳು. ಕೆಳಗೆ ಹುಡುಗಿಯದೇ ಒಂದು ಗೆರೆ. ಹುಡುಗಿ ಚೀಲ ನೋಡಿ ಪೆನ್ನು ಕೆಳಗಿಟ್ಟಳು.

“ಚೀಲ ಇಲ್ಲೇ ಬಿಟ್ಟು ಹೋಗಮ್ಮ,” ಎಂದಳು ಅಕ್ಕ.

“ಬಿಡ್ತೀನಿ ಅಕ್ಕ. ಆದ್ರೆ ಚೀಲದ ಮೇಲೇ ಹೀಗೆ ಬರೆದವರು ನಾನು ಹೇಳಿದ್ದನ್ನ ಇನ್ನೆಲ್ಲಿ ಬರೀತಾರೋ!”

“ಹಾಕೇ ತಾಯಿ, ನಾನು ಹಾಕಿದೀನಲ್ಲ,” ಎಂದಳು ಅಜ್ಜಿ.

“ಅದು ನಿನ್ನ ಸಹಿ ಅಜ್ಜಿ. ಇದು ನಂದು.”

ಎಲ್ಲದಕ್ಕೂ ಗೆರೆ ಇರುವ ಆ ಕಾಗದದಲ್ಲಿ ‘ನಿರಾಕರಣೆಗೆ ಕಾರಣ’ ಎಂಬುದಕ್ಕೂ ಒಂದಿತ್ತು. ಹುಡುಗಿ ಅಲ್ಲಿ ದುಂಡಗೆ ಬರೆದಳು: ಚೀಲ.

ಮೂರನೇ ದಿನ ಸಂಶೋಧನೆಯ ಸಾಹೇಬರ ಫೋನು. “ಏನಮ್ಮ, ಚೀಲ ಇಷ್ಟ ಆಗ್ಲಿಲ್ವಂತೆ? ನೀಲಿ ಬಣ್ಣದ್ದು ಕಳಿಸೋಣ್ವಾ?”

“ಬಣ್ಣಕ್ಕೆ ಬೆಂಕಿ ಬೀಳ್ಲಿ ಸಾರ್! ಅದರ ಮೇಲಿರೋದನ್ನ ಒಂದ್ಸಲ ಓದಿ.”

ಆ ಕಡೆ ಚೀಲ ಬಿಡಿಸಿದ ಸದ್ದು. ಆಮೇಲೆ ದನಿ ಇಳಿಯಿತು. “ಓ... ಅಕ್ಷರ ತೆಗೆಸ್ತೀನಿ. ಅಷ್ಟರಲ್ಲಿ ಒಂದು ಮಾತು. ನಿಮ್ಮ ಡಾಕ್ಟರು ಹೇಳಿದ್ರು, ಆ ಹುಡುಗಿ ಮಾತ್ರೆ ನಡುವೆ ಬಿಟ್ಟವಳು ಈಗ ಸರಿಯಾಗಿ ತಗೋತಿದಾಳಂತಲ್ಲ, ಹೇಗೆ? ನಿಮಗೆ ಗೊತ್ತಿರಬೇಕಲ್ಲ?”

ಉತ್ತರ ಅಕ್ಕನ ನಾಲಗೆಯ ತುದಿಗೇ ಬಂದಿತ್ತು. ಹುಡುಗಿಯ ಗೆರೆ ಖಾಲಿಯಿದ್ದ ಕಾಗದ ಕಣ್ಣೆದುರೇ ಇತ್ತು.

“ಗೊತ್ತು ಸಾರ್. ಸಹಿ ಇಲ್ಲ,” ಎಂದು ಫೋನಿಟ್ಟಳು.