ಅಣ್ಣ ಹಗುರ ಮಾಡಿದ ಕಾರು

ಆ ಕಾರು ಮೊದಲು ನಮ್ಮ ಸೋದರಮಾವನದ್ದಾಗಿತ್ತು. ಹಂಚಿನ ಕಾರ್ಖಾನೆಯೊಂದರ ಇಂಗ್ಲಿಷ್ ಮ್ಯಾನೇಜರು ತಮ್ಮ ದೇಶಕ್ಕೆ ಹಿಂತಿರುಗುವಾಗ ಮಾವ ಅವರಿಂದ ಕೊಂಡಿದ್ದರು. ಎರಡೇ ಬಾಗಿಲು, ಉದ್ದದ ಮೂತಿ, ಹಿಂದಕ್ಕೆ ಇಳಿಜಾರಾದ ಮಾಡು. ಇಂಥ ಕಾರಿಗೆ ಕೂಪೆ ಎನ್ನುತ್ತಾರೆಂದು ನನಗೆ ಹೇಳಿಕೊಟ್ಟವನು ಅಣ್ಣ. ಮುಂದೆ ಇಬ್ಬರು ಕೂರಬಹುದಿತ್ತು, ಹಿಂದಿನ ಸೀಟು ಮಕ್ಕಳಿಗೆ ಮಾತ್ರ ಸಾಲುವಷ್ಟು. ವೇಗಕ್ಕೆಂದೇ ಮಾಡಿದ ಗಾಡಿ. ಮಾವ ಹೋಟೆಲು ನಡೆಸುವವರು. ಅವರಿಗೆ ಬೇಕಾದದ್ದು ಬಾಳೆಎಲೆಯ ಕಟ್ಟು, ತರಕಾರಿ ಹೇರಿಕೊಂಡು ಬರುವ ಗಾಡಿ. ಒಮ್ಮೆ ಕದ್ರಿಯ ಇಳಿಜಾರಿನಲ್ಲಿ ಒಂದು ಕಟ್ಟೆಗೆ ಗುದ್ದಿದ ಮೇಲೆ ಅದನ್ನು ತೆಂಗಿನಕಾಯಿ ರಾಶಿ ಹಾಕುವ ಕೊಟ್ಟಿಗೆಗೆ ತಳ್ಳಿಸಿ ಮರೆತುಬಿಟ್ಟರು.

ನಮ್ಮದು ಅಳಿಯಸಂತಾನದ ಮನೆ. ಮನೆ, ಗದ್ದೆ ಎಲ್ಲವೂ ಹೆಣ್ಣುಮಕ್ಕಳ ಕಡೆಯಿಂದ ಇಳಿದು ಬರುವಂಥದ್ದು. ಅಮ್ಮನ ನಂತರ ಈ ಮನೆ ನನ್ನದು, ನನ್ನ ನಂತರ ನನ್ನ ಮಕ್ಕಳದ್ದು ಎಂದು ನಾನು ಲಂಗ ಹಾಕುತ್ತಿದ್ದಾಗಲೇ ನೆಂಟರೆಲ್ಲ ಹೇಳುತ್ತಿದ್ದರು. ನನಗಿಂತ ಆರು ವರ್ಷ ದೊಡ್ಡವನಾದ ಅಣ್ಣ ಅಲ್ಲೇ ಕೂತು ಅದನ್ನು ಕೇಳಿಸಿಕೊಳ್ಳುತ್ತಿದ್ದ. ಅವನು ಈ ಮನೆಗಾಗಿ ದುಡಿಯಬಹುದು, ಆದರೆ ಅವನ ಮಕ್ಕಳಿಗೆ ಇಲ್ಲಿ ಜಾಗವಿಲ್ಲ. ಕಾನೂನು ಬದಲಾಗುತ್ತಿದೆ ಎಂದು ವಕೀಲರು ಹೇಳುತ್ತಿದ್ದ ಕಾಲ ಅದು. ಮನೆಯೊಳಗಿನ ಮಾತು ಮಾತ್ರ ಬದಲಾಗಿರಲಿಲ್ಲ. ಅಣ್ಣ ಆ ವಿಷಯ ಒಮ್ಮೆಯೂ ಎತ್ತಿದವನಲ್ಲ. ಬಸ್ ಕಂಪೆನಿಯೊಂದರ ವರ್ಕ್‌ಶಾಪಿನಲ್ಲಿ ಅವನಿಗೆ ಸೂಪರ್‌ವೈಸರ್ ಕೆಲಸವಿತ್ತು. ನಾನು ಬಲ್ಮಠದ ಶಾಲೆಯೊಂದರಲ್ಲಿ ಆಗಷ್ಟೇ ಟೀಚರಾಗಿದ್ದೆ.

ಆದ್ದರಿಂದ ಮಾವ ಒಂದು ದಿನ ಕೊಟ್ಟಿಗೆಯ ಬೀಗದ ಕೈಯನ್ನು ಅಣ್ಣನ ಮುಂದಿಟ್ಟು, ಆ ಕಾರು ಇನ್ನು ನಿನ್ನದು, ಬೇಕಾದ ಹಾಗೆ ಮಾಡಿಕೋ ಎಂದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಅವನದ್ದೆಂದು ಹೇಳಬಹುದಾದ ಒಂದು ವಸ್ತುವಾದರೂ ಈ ಮನೆಯಲ್ಲಿ ಆಯಿತಲ್ಲ ಎಂದುಕೊಂಡೆ.

ಅಣ್ಣನ ತಲೆಯಲ್ಲಿದ್ದದ್ದು ಓಟದ ಕಾರು. ಘಟ್ಟದ ಮೇಲಿನ ಕಾಫಿ ಪ್ಲಾಂಟರುಗಳಿಗೆ ಕಾರಿನ ಹುಚ್ಚಿತ್ತು. ವಿಮಾನವಿಲ್ಲದ ಒಂದು ಭಾನುವಾರ ಬೆಳಿಗ್ಗೆ ಬಜಪೆಯ ರನ್‌ವೇಯನ್ನು ಕೇಳಿ ಪಡೆದು, ಅಲ್ಲಿ ಕಾರು ಓಡಿಸಿ ಸಮಯ ನೋಡುವ ಏರ್ಪಾಡು ಅವರು ಮಾಡುತ್ತಿದ್ದರು. ಯಾರು ಬೇಕಾದರೂ ಬರಬಹುದಿತ್ತು. ಆದರೆ ಅವರ ಕಾರುಗಳು ಹಡಗಿನಲ್ಲಿ ಬಂದಿಳಿದ ಹೊಸವು. ಇಂಜಿನಿಗೆ ಬಲ ಕೊಡಲು ದುಡ್ಡು ಬೇಕು, ಭಾರ ಇಳಿಸಲು ಸ್ಪ್ಯಾನರ್ ಸಾಕು ಎಂದು ಅಣ್ಣ ಹೇಳುತ್ತಿದ್ದ.

ಮೊದಲು ಕಿತ್ತದ್ದು ಹೀಟರು. ಇಂಗ್ಲೆಂಡಿನ ಚಳಿಗೆಂದು ಕೂರಿಸಿದ್ದ ಆ ಬಿಸಿಗಾಳಿಯ ಪೆಟ್ಟಿಗೆ ಮಂಗಳೂರಿನ ಸೆಕೆಯಲ್ಲಿ ಅಷ್ಟು ವರ್ಷ ಸುಮ್ಮನೆ ಸವಾರಿ ಮಾಡಿತ್ತು. ಮಳೆಗಾಲದಲ್ಲಿ ಅದರಲ್ಲಿ ಬಟ್ಟೆ ಒಣಗಿಸಬಹುದೇ ಎಂದು ಅಮ್ಮ ವಿಚಾರಿಸಿದರು. ಆಮೇಲೆ ಹಿಂದಿನ ಸೀಟು ಬಂತು. ಅದನ್ನು ಚಾವಡಿಯಲ್ಲಿಟ್ಟು ಮಾವ ಅದರ ಮೇಲೆ ಕೂತು ಎಲೆಯಡಿಕೆ ಹಾಕತೊಡಗಿದರು. ನೆಲದ ಹಾಸು, ಬಾಗಿಲಿನ ಒಳಗಿನ ಮರದ ಪಟ್ಟಿ, ಮುಂದಿನ ಹಿಂದಿನ ಬಂಪರು, ಸೈಲೆನ್ಸರು ಎಲ್ಲ ಹೋದವು. ಚಕ್ರವನ್ನು ಹಿಡಿದು ನಿಲ್ಲಿಸುವ ಬಸ್ಸಿನ ಬ್ರೇಕ್ ಲೈನಿಂಗಿನ ಉಳಿಕೆ ತುಂಡುಗಳನ್ನು ಕಂಪೆನಿಯಲ್ಲಿ ಕೇಳಿ ತಂದು, ಅರದಿಂದ ತಿಕ್ಕಿ ಈ ಕಾರಿನ ಅಳತೆಗೆ ತಂದ. ಕಾರು ನೆಲಕ್ಕೆ ಹತ್ತಿರ ಕೂರಲೆಂದು ಸ್ಪ್ರಿಂಗ್ ಪ್ಲೇಟುಗಳನ್ನು ಕಮ್ಮಾರನಲ್ಲಿ ಕಾಯಿಸಿ ತಗ್ಗಿಸಿದ. ಇಂಜಿನ್ನಿನ ಹೆಡ್ಡನ್ನು ಸ್ವಲ್ಪ ತೇಯಿಸಿಕೊಂಡು ಬಂದ. ಪೆಟ್ರೋಲು ಹೆಚ್ಚು ಒತ್ತಡದಲ್ಲಿ ಉರಿದು ಬಲ ಬರುತ್ತದಂತೆ. ಡ್ರೈವರ್ ಕೂರುವ ಭಾರವಾದ ಚರ್ಮದ ಸೀಟು ತೆಗೆದು ಬೆತ್ತದ್ದನ್ನು ಹಾಕಿದ. ಕುರ್ಚಿ ಹೆಣೆಯುವವರ ಮುಂದೆ ಅಂಗಿ ಬಿಚ್ಚಿ ಕೂತು, ತನ್ನ ಬೆನ್ನಿನ, ಸೊಂಟದ ಅಳತೆ ಕೊಟ್ಟು ಹೆಣೆಸಿದ್ದ.

ಓಡಿಸಿ ನೋಡಲು ಪಣಂಬೂರಿಗೆ ಹೋಗುತ್ತಿದ್ದೆವು. ಆಗ ಅಲ್ಲಿ ಬಂದರಿರಲಿಲ್ಲ. ನೀರು ಇಳಿದಾಗ ಮರಳು ಗಟ್ಟಿಯಾಗಿ ಉದ್ದಕ್ಕೂ ರಸ್ತೆಯ ಹಾಗೆ ಇರುತ್ತಿತ್ತು. ಬಲೆ ಒಣಗಿಸುವ ಮೊಗವೀರ ಹೆಂಗಸರು ನಮ್ಮನ್ನು ನೋಡಿ ನಗುತ್ತಿದ್ದರು. ಕಾರು ತಿರುಗುವಾಗ ಯಾವ ಚಕ್ರ ಏಳುತ್ತದೆ, ಹೊಗೆ ಯಾವ ಬಣ್ಣಕ್ಕಿದೆ ಎಂದು ಹೊರಗೆ ನಿಂತು ನೋಡಬೇಕಾದದ್ದು ಅಣ್ಣ. ಹಾಗಾಗಿ ಒಳಗೆ ಕೂತು ಕಾರು ಬಿಡಬೇಕಾದವಳು ನಾನು. ನನಗೆ ಕಾರು ಕಲಿಸಿ ಲೈಸೆನ್ಸ್ ಮಾಡಿಸಿಕೊಟ್ಟವನೂ ಅವನೇ. ಅವನ ಅಳತೆಯ ಬೆತ್ತದ ಸೀಟಿನಲ್ಲಿ ಬೆನ್ನಿಗೊಂದು ದಿಂಬು ಸಿಕ್ಕಿಸಿಕೊಂಡು, ಸೀರೆಯ ನೆರಿಗೆಯನ್ನು ಎತ್ತಿ ಕಟ್ಟಿ ನಾನು ಬಿಡುತ್ತಿದ್ದೆ. ಎಷ್ಟೋ ಭಾನುವಾರಗಳ ಕೊನೆಗೆ ಆ ಕಾರು ಜಾರುವ ಮುಂಚೆಯೇ ಅದು ಜಾರುತ್ತದೆಂದು ನನ್ನ ಸೊಂಟಕ್ಕೆ ತಿಳಿಯತೊಡಗಿತು.

ಒಂದು ದಿನ ಅವನೇ ಬಿಟ್ಟ. ನಾನು ಮರಳಿನ ಮೇಲೆ ನಿಂತು ನೋಡಿದೆ. ತಿರುವಿಗೆ ಬಹಳ ಮೊದಲೇ ಬ್ರೇಕ್ ಒತ್ತಿದ, ತಿರುಗಿದ ಮೇಲೂ ಕಾರನ್ನು ತಡೆದು ಹಿಡಿದ. ತಾನೇ ಜೋಡಿಸಿದ ಒಂದೊಂದು ಬೋಲ್ಟಿನ ಮೇಲೂ ಕನಿಕರ ಇದ್ದವನ ಹಾಗೆ. ಅವನಿಗಿಂತ ನಾನು ಜೋರು ಎಂದು ಆಗ ನನಗೆ ಗೊತ್ತಾಯಿತು. ಗೊತ್ತಾದ ಕೂಡಲೇ, ಅವನ ಪೆಟ್ಟಿಗೆಗೆ ಕೈ ಹಾಕಿ ಸಿಕ್ಕಿಬಿದ್ದಷ್ಟು ನಾಚಿಕೆಯಾಯಿತು. ಹೇಗಿತ್ತು ಎಂದು ಬಂದು ಕೇಳಿದ. ಚೆನ್ನಾಗಿತ್ತು ಎಂದೆ. ಎಲ್ಲಿ ಬ್ರೇಕ್ ಹಾಕಿದ್ದು ನೋಡಿದೆಯಾ ಎಂದ. ನೋಡಲಿಲ್ಲ ಎಂದೆ.

ಬಜಪೆಯ ಆ ಭಾನುವಾರ ಬಂತು. ಗುಡ್ಡದ ನೆತ್ತಿಯ ರನ್‌ವೇಯಲ್ಲಿ ಟಾರಿನ ಖಾಲಿ ಡ್ರಮ್ಮುಗಳನ್ನಿಟ್ಟು ದಾರಿ ಮಾಡಿದ್ದರು. ಒಂದು ತುದಿಗೆ ಹೋಗಿ, ತಿರುಗಿ, ನಡುವೆ ಡ್ರಮ್ಮುಗಳನ್ನು ಬಳಸಿಕೊಂಡು ವಾಪಸು ಬರಬೇಕು. ಒಂದೊಂದೇ ಕಾರು ಬಿಡುವುದು, ಗಡಿಯಾರ ಹಿಡಿದವರು ಸಮಯ ನೋಡುವುದು. ಅಭ್ಯಾಸಕ್ಕೊಂದು, ಆಮೇಲೆ ಲೆಕ್ಕಕ್ಕೆ ಎರಡು ಸುತ್ತು. ಅಭ್ಯಾಸದ ಸುತ್ತಿನಲ್ಲಿ ಅಣ್ಣ ಓಡಿಸಿದ. ಸಮಯ ಏನೂ ಚೆನ್ನಾಗಿರಲಿಲ್ಲ. ಟೋಪಿ ಹಾಕಿದ್ದ ಪ್ಲಾಂಟರೊಬ್ಬರು, ಬಡಪಾಯಿ ಕಾರನ್ನು ಬೋಳಿಸಿದ್ದೇ ಬಂತು ಎಂದು ಪಕ್ಕದವರಿಗೆ ಹೇಳಿದ್ದು ನಮ್ಮಿಬ್ಬರಿಗೂ ಕೇಳಿಸಿತು.

ಅಣ್ಣ ಇಳಿದು ಬಂದು ದಿಂಬನ್ನು ನನ್ನ ಕೈಗೆ ಕೊಟ್ಟ. ಮನೆಯಿಂದ ಅದನ್ನು ತಂದಿದ್ದಾನೆಂದೇ ನನಗೆ ಗೊತ್ತಿರಲಿಲ್ಲ. ಹೆಸರು ಕೊಡುವಾಗ ಡ್ರೈವರು ಇಬ್ಬರು ಎಂದು ನನ್ನನ್ನೂ ಸೇರಿಸಿದ್ದನಂತೆ.

"ನೀನು ಕೂತ್ಕೋ," ಅಂದ.

"ನಾನು ಯಾಕೆ? ಕಾರು ನಿನ್ನದಲ್ವಾ?"

"ನನ್ನದು ಹೌದು. ಅದಕ್ಕೇ ಹೇಳೋದು. ಅದು ಎಷ್ಟು ಓಡ್ತದೆ ಅಂತ ನನಗೆ ನೋಡ್ಬೇಕು. ಒಳಗೆ ಕೂತ್ರೆ ಕಾಣೋದಿಲ್ಲ."

ಕೂತೆ. ಬಾವುಟ ಬೀಳುವವರೆಗೂ ನನ್ನ ತಲೆಯಲ್ಲಿದ್ದದ್ದು ಒಂದೇ: ಮನೆಯೂ ನನಗೆ, ಇದೂ ನನಗೆ. ನಾನು ಅವನಿಗಿಂತ ಸ್ವಲ್ಪ ಹಿಂದೆ ಉಳಿದರೆ ಯಾರಿಗೂ ಏನೂ ನಷ್ಟವಿಲ್ಲ. ತುದಿಯ ತಿರುವಿನಲ್ಲಿ ಅವನು ಎಲ್ಲಿ ಬ್ರೇಕ್ ಒತ್ತಿದ್ದನೋ ಅಲ್ಲೇ ಒತ್ತಿದೆ. ಇನ್ನೂ ಒಂದಿಷ್ಟು ಮೊದಲೇ ಒತ್ತಿರಬೇಕು. ಬಂದ ಸಮಯ ಅವನದ್ದಕ್ಕಿಂತ ಕಡೆಯಾಗಿತ್ತು. ಮೊದಲ ಸಲ ಅಲ್ಲವೇ ಎಂದು ಯಾರೋ ಸಮಾಧಾನ ಹೇಳಿದರು.

ಎರಡನೆಯ ಸುತ್ತಿಗೆ ಸಾಲಿನಲ್ಲಿ ಕಾಯುವಾಗ ಅಣ್ಣ ಕಿಟಕಿಯ ಹತ್ತಿರ ಬಂದು ಬಗ್ಗಿದ. ಅವನ ಮುಖ ಕೆಂಪಾಗಿತ್ತು. ದನಿ ಎತ್ತಲಿಲ್ಲ.

"ನೀನು ಎಂತ ಮಾಡಿದ್ದು ಅಂತ ನನಗೆ ಗೊತ್ತುಂಟು. ಎರಡು ವರ್ಷ ಇದರ ಅಡಿಯಲ್ಲಿ ಮಲಗಿದವ ನಾನು, ಶಬ್ದ ಕೇಳಿದ್ರೆ ಸಾಕು. ನನಗೋಸ್ಕರ ನಿಧಾನ ಬಿಡ್ಬೇಡ ಮಾರಾಯ್ತಿ. ಅದೊಂದು ಮಾಡ್ಬೇಡ."

ನಾನು ತಲೆಯಾಡಿಸಿದೆ. ಆಮೇಲಿನದ್ದು ನನಗೆ ತುಂಡು ತುಂಡಾಗಿ ಮಾತ್ರ ನೆನಪಿದೆ. ಸೈಲೆನ್ಸರಿಲ್ಲದ ಇಂಜಿನ್ನಿನ ಸದ್ದು ಹಲ್ಲಿಗೆ ಬಡಿಯುತ್ತಿತ್ತು. ರನ್‌ವೇ ಮುಗಿಯುವಲ್ಲಿ ಬರೀ ಆಕಾಶ ಕಾಣುತ್ತಿತ್ತು, ಅದರಾಚೆ ಕಣಿವೆ. ಕೊನೆಯ ಡ್ರಮ್ಮು ಬರುವವರೆಗೆ ಕಾದು ಬ್ರೇಕ್ ತುಳಿದೆ. ಬಸ್ಸಿನ ಲೈನಿಂಗು ಹಿಡಿದುಕೊಂಡಿತು. ಹಿಂಬದಿ ಜಾರಿತು, ನಾನು ಜಾರಲು ಬಿಟ್ಟೆ. ಸಂತೋಷ ಎಂಥದ್ದೆಂದರೆ, ಅಷ್ಟು ಹೊತ್ತು ಅಣ್ಣ ಎನ್ನುವವನೊಬ್ಬ ಇದ್ದಾನೆಂಬುದೇ ನನಗೆ ಮರೆತುಹೋಗಿತ್ತು. ಆ ಮರೆವನ್ನೇ ನಾನು ಆಮೇಲೆ ಎಷ್ಟೋ ರಾತ್ರಿ ನನ್ನ ಮೇಲೆ ಹೊರಿಸಿಕೊಂಡದ್ದು.

ನಮ್ಮದರಷ್ಟೇ ದೊಡ್ಡ ಇಂಜಿನ್ನಿನ ಕಾರುಗಳ ಗುಂಪಿನಲ್ಲಿ ನಮ್ಮದೇ ಮೊದಲಾಯಿತು. ಟೋಪಿಯ ಪ್ಲಾಂಟರು ಬಂದು ಕೈ ಕುಲುಕಿದರು. ಹಾರ ಹಾಕಿ ನನ್ನನ್ನು ಕಾರಿನ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಸ್ವಲ್ಪ ಬದಿಗೆ ಸರಿಯಿರಿ ಎಂದು ಫೋಟೋದವನು ಹೇಳಿದ್ದು ಅಣ್ಣನಿಗೆ. ಅವನು ಸರಿದು ನಿಂತ. ಮಾವನೂ ಬಂದಿದ್ದರು. ಅವರಿಗೆ ಹಿಗ್ಗು ತಡೆಯಲಾಗಲಿಲ್ಲ. ನನ್ನ ಬೆನ್ನು ತಟ್ಟಿ ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ ತುಳುವಿನಲ್ಲಿ, ಹಾಗಾದರೆ ಮನೆಯ ಹಾಗೆ ಕಾರೂ ಇವಳಿಗೇ ಇರಲಿ ಎಂದರು. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಇಲ್ಲ ಮಾವ, ಕಾರು ಅಣ್ಣನದ್ದೇ ಎಂದು ನಾನು ಹೇಳಿದೆ. ಅಷ್ಟರಲ್ಲಿ ಮುಂದಿನ ಕಾರು ಹೊರಟು ಆ ಮಾತು ಯಾರಿಗೂ ಕೇಳಲಿಲ್ಲ. ಇನ್ನೊಮ್ಮೆ ಹೇಳಬೇಕಿತ್ತು.

ಊರಿನಲ್ಲಿ ಅದು ನನ್ನ ಕಾರಾಯಿತು. ಶಾಲೆಯಲ್ಲಿ ಮಕ್ಕಳು, ಟೀಚರ ಕಾರು ಬಂತು ಎನ್ನುತ್ತಿದ್ದರು, ಅದನ್ನು ಅಣ್ಣ ಓಡಿಸಿಕೊಂಡು ಬಂದಿದ್ದರೂ.

ಮರುವರ್ಷ ಪ್ಲಾಂಟರುಗಳು ಮತ್ತೆ ಕರೆದರು. ಅಣ್ಣ ತಿಂಗಳುಗಟ್ಟಲೆ ಕಾರಿಗೆ ಇನ್ನಷ್ಟು ಕೆಲಸ ಮಾಡಿದ. ಈ ಸಲ ಅವನೇ ಓಡಿಸುವಂತಾಗಲು ನಾನು ಅಷ್ಟೇ ದಿನ ಒಂದು ಉಪಾಯ ಹುಡುಕಿದೆ. ಆ ಬೆಳಿಗ್ಗೆ ನನಗೆ ಜ್ವರ, ತಲೆಯೆತ್ತಲು ಆಗುವುದಿಲ್ಲ ಎಂದು ಚಾಪೆಯ ಮೇಲೆ ಮುಸುಕು ಹಾಕಿ ಮಲಗಿದೆ. ಅಮ್ಮ ಗಂಜಿ ಮಾಡಲು ಹೋದರು. ಅಣ್ಣ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ನನ್ನ ಹಣೆಯ ಮೇಲೆ ಕೈಯಿಟ್ಟ. ಗ್ರೀಸಿನ ವಾಸನೆಯ ಆ ಅಂಗೈ ನನ್ನ ಹಣೆಗಿಂತ ಬೆಚ್ಚಗಿತ್ತು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡ. ಮಲಗು ಎಂದು ಹೇಳಿ ಎದ್ದು ಹೋದ.

ಅವನೊಬ್ಬನೇ ಹೋಗಿ ಓಡಿಸಿದ. ಸಮಯದ ಪಟ್ಟಿಯಲ್ಲಿ ನಡುವೆಲ್ಲೋ ಇದ್ದನಂತೆ. ಮನೆಗೆ ಬಂದು ಊಟ ಮಾಡುವಾಗ ಯಾರ ಕಾರು ಹೇಗೆ ಓಡಿತು ಎಂದೆಲ್ಲ ಹೇಳಿದ. ತನ್ನದರ ವಿಷಯ ಮಾತ್ರ ಹೇಳಲಿಲ್ಲ. ಆ ಮಳೆಗಾಲ ಮುಗಿದ ಮೇಲೆ ಕಾರನ್ನು ಟೋಪಿಯ ಪ್ಲಾಂಟರಿಗೆ ಮಾರಿದ. ಅವರು ಅದರ ಕೆಲಸ ನೋಡಿ ಮೆಚ್ಚಿ ತಮ್ಮ ಇನ್ನೊಂದು ಕಾರನ್ನೂ ಹೀಗೇ ಮಾಡಿಕೊಡಲು ಹೇಳಿದರು. ಅಣ್ಣ ಕಂಪೆನಿಯ ಕೆಲಸ ಬಿಟ್ಟ. ಪಣಂಬೂರಿನಲ್ಲಿ ಬಂದರಿನ ಕೆಲಸ ಶುರುವಾಗಿ ಲಾರಿಗಳು ಹರಿದಾಡತೊಡಗಿದಾಗ, ಆ ರಸ್ತೆಯ ಬದಿಯಲ್ಲಿ ಒಂದು ಶೆಡ್ಡು ಹಿಡಿದು ವರ್ಕ್‌ಶಾಪ್ ಹಾಕಿದ. ಮದುವೆಯಾಗಿ ಶೆಡ್ಡಿನ ಹಿಂದೆಯೇ ಬಾಡಿಗೆಗೆ ಮನೆ ಮಾಡಿದ. ನಾನು ಮದುವೆಯಾದ ಮೇಲೂ ನನ್ನ ಮನೆಯಲ್ಲೇ ಉಳಿದೆ.

ನನ್ನ ಮೊದಲ ಮಗುವಿಗೆ ನಡೆಯಲು ಬರುವ ಹೊತ್ತಿಗೆ ಒಂದು ರಜೆಯ ದಿನ ಅವನಲ್ಲಿಗೆ ಹೋಗಿದ್ದೆ. ಅತ್ತಿಗೆ ಮಗುವನ್ನು ಒಳಗೆ ಎತ್ತಿಕೊಂಡು ಹೋದಳು. ಅಣ್ಣ ಒಂದು ಲಾರಿಯ ಚಕ್ರ ಬಿಚ್ಚಿ ಕೂತಿದ್ದ. ಇಷ್ಟು ವರ್ಷ ಹೊತ್ತುಕೊಂಡದ್ದನ್ನು ಇವತ್ತು ಕೇಳಿಬಿಡುವ ಎನಿಸಿತು.

"ಆ ಕಾರಿನಲ್ಲಿ ನಾನು ಕೂತದ್ದಕ್ಕೆ ನಿನಗೆ ಬೇಸರ ಆಗಿತ್ತಾ?"

ಅವನು ಕೈಯಲ್ಲಿದ್ದ ಬೇರಿಂಗನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮೊದಲ ವರ್ಷ ಇಲ್ಲ. ಮಾವ ಹಾಗೆ ಹೇಳಿದಾಗ ಸ್ವಲ್ಪ ಆಯ್ತು, ಅಷ್ಟೇ. ಆವತ್ತು ಕಾರು ಓಡಿದ್ದು ಉಂಟಲ್ಲ, ಅದು ನಾನು ಮಾಡಿದ್ದು. ನನಗೆ ಸಾಕಿತ್ತು." ಬೇರಿಂಗನ್ನು ಕೆಳಗಿಟ್ಟು ಹೇಳಿದ, "ಬೇಸರ ಆದದ್ದು ನಿನಗೆ ಜ್ವರ ಬಂದ ವರ್ಷ."

ನನ್ನ ಪಶ್ಚಾತ್ತಾಪವೆಲ್ಲ ಇಷ್ಟು ವರ್ಷ ತಪ್ಪು ದಿನದ ಮೇಲೆ ಕೂತಿತ್ತು. ಅವನಿಂದ ಕಿತ್ತುಕೊಂಡೆ ಎಂದುಕೊಂಡದ್ದನ್ನು ಅವನು ಕೊಟ್ಟಿದ್ದ. ನಾನು ಕೊಟ್ಟೆ ಎಂದುಕೊಂಡದ್ದೇ ಅವನಿಗೆ ತಾಗಿತ್ತು. ಕ್ಷಮಿಸು ಎಂಬಂಥ ಮಾತನ್ನು ನಾವು ಅಣ್ಣತಂಗಿಯರು ಯಾವತ್ತೂ ಆಡಿಕೊಂಡವರಲ್ಲ. ಲಾರಿಯ ಡ್ರೈವರು ಬಂದು ಇನ್ನೆಷ್ಟು ಹೊತ್ತು ಎಂದು ಕೇಳಿದ. ಅಣ್ಣ ಎದ್ದು ಅವನ ಹತ್ತಿರ ಹೋದ. ನಾನು ಒಳಗೆ ಹೋಗಿ ಅತ್ತಿಗೆ ಬಡಿಸಿದ ಬಂಗುಡೆ ಮೀನಿನ ಸಾರಿನಲ್ಲಿ ಊಟ ಮಾಡಿದೆ. ಉಪ್ಪು ಸರಿಯಾಗಿದೆಯೇ ಎಂದು ಅವಳು ಕೇಳಿದಳು, ಸರಿಯಾಗಿದೆ ಎಂದೆ. ಸಂಜೆಯ ಬಸ್ಸಿಗೆ ಅಣ್ಣನೇ ಮಗುವನ್ನು ಎತ್ತಿಕೊಂಡು ಬಂದು, ಕಿಟಕಿಯ ಬದಿಯ ಸೀಟು ನೋಡಿ ಕೂರಿಸಿ ಹೋದ.